ಮಂಗಕ್ಕೆ ತಂದ ಬಲೆ

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ತಿನ್ನುವುದಿರಲಿ, ಮೀನು ಹುರಿದ ಮನೆಯಲ್ಲಿ ಅವ್ವ ನೀರನ್ನೂ ಕುಡಿಯುವುದಿಲ್ಲ. ಅಂಥ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಎರಡು ವರ್ಷದ ಹಿಂದೆ ಸಂಕ್ರಾಂತಿ ಕಳೆದ ಮೇಲೆ, ಹೊನ್ನಾವರದಿಂದ ಗಂಗೊಳ್ಳಿಯವರೆಗೆ ಸಿಕ್ಕ ಸಿಕ್ಕ ಮೀನುಗಾರರ ಊರಿಗೆಲ್ಲ ನುಗ್ಗಿ ಹಳೆಯ ಮೀನಿನ ಬಲೆ ಇದೆಯಾ ಎಂದು ಕೇಳಿಕೊಂಡು ತಿರುಗಿದವರು ನಾವು. ಕಾರು ಓಡಿಸಿದವಳು ನಾನು. ಅಣ್ಣನಿಗೂ ಓಡಿಸಲು ಬರುತ್ತದೆ. ಆದರೆ ಅವನು ಕಾರನ್ನೂ ಟ್ರ್ಯಾಕ್ಟರ್ ಎಂದೇ ತಿಳಿದಿದ್ದಾನೆ. ಪ್ರತಿ ತಿರುವಿನಲ್ಲೂ ನೇಗಿಲು ಎತ್ತಿದೆಯೋ ಇಲ್ಲವೋ ಎಂದು ಹಿಂದಕ್ಕೆ ತಿರುಗಿ ನೋಡುತ್ತಾನೆ. ಹಾಗಾಗಿ ಸ್ಟೇರಿಂಗ್ ನನ್ನ ಕೈಗೆ ಬಂತು.

ಬಲೆ ಬೇಕಾಗಿದ್ದು ಮಂಗಗಳಿಗೆ. ನನ್ನ ತವರು ಶಿಕಾರಿಪುರಕ್ಕೆ ಹತ್ತಿರದ ಹಳ್ಳಿ, ಅಂಬ್ಲಿಗೊಳದ ಚಾನಲ್ ನೀರು ಬರುವ ಕಡೆ. ಎಲ್ಲಿಂದಲೋ ಹಿಡಿದು ತಂದು ಯಾರೋ ರಾತ್ರೋರಾತ್ರಿ ಬಿಟ್ಟು ಹೋದ ಮಂಗಗಳು ನಮ್ಮ ಬಾಳೆ, ಗೋವಿನಜೋಳ ಎಲ್ಲವನ್ನೂ ತಮ್ಮ ಹೆಸರಿಗೆ ಪಹಣಿ ಆಗಿದೆ ಎನ್ನುವ ಹಾಗೆ ತಿನ್ನುತ್ತಿದ್ದವು. ಅಪ್ಪ ಪಟಾಕಿ ಹೊಡೆದ. ಹುಲಿಯ ಗೊಂಬೆ ತಂದು ಬದುವಿನ ಮೇಲೆ ನಿಲ್ಲಿಸಿದ. ಮಂಗಗಳು ಅದರ ಬೆನ್ನ ಮೇಲೆ ಕುಳಿತು ಹೇನು ನೋಡಿಕೊಂಡವು. ಕೊನೆಗೆ ನಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದ. ನಾಯಿಗೆ ಎಷ್ಟು ನಾಚಿಕೆಯಾಯಿತೆಂದರೆ ಬಣ್ಣ ಹೋಗುವ ತನಕ ಅದು ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ. ಆಗ ಸೊರಬದ ಕಡೆಯ ನೆಂಟರೊಬ್ಬರು ತೋಟದ ಸುತ್ತ ಹಳೆಯ ಮೀನಿನ ಬಲೆ ಕಟ್ಟಿದರೆ ಮಂಗ ಬರುವುದಿಲ್ಲ, ಬೆರಳು ಸಿಕ್ಕಿಕೊಳ್ಳುತ್ತದೆಂದು ಹೆದರುತ್ತದೆ ಎಂದರು. ಬಲೆ ಹುಟ್ಟುವ ಜಾಗಕ್ಕೇ ಹೋಗಿ ತರಬೇಕು ಎಂದು ಅಪ್ಪ ತೀರ್ಮಾನ ಮಾಡಿದ. ಶಿರಾಳಕೊಪ್ಪದ ಪೇಟೆಯಲ್ಲೇ ಸಿಗುತ್ತದೆ ಎಂದು ನಾನು ಬಾಯಿ ತೆರೆದೆ. ಅವ್ವ ನನ್ನ ತೊಡೆ ಚಿವುಟಿದಳು.

ಚಿವುಟಿದ್ದಕ್ಕೆ ಕಾರಣ ಅಣ್ಣ. ಅವನಿಗೆ ನಲವತ್ತು ಹತ್ತಿರವಾಗುತ್ತಿತ್ತು. ಹೊಲ, ತೋಟ, ನೀರು, ಎಮ್ಮೆ, ಗಟ್ಟಿ ಹಲ್ಲು, ಒಳ್ಳೆಯ ಗುಣ ಎಲ್ಲ ಇದ್ದೂ ಹೆಣ್ಣು ಸಿಗುತ್ತಿರಲಿಲ್ಲ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದಾಗ ಬೇಸಾಯ ಎಂದ ಕೂಡಲೇ ಆ ಕಡೆಯವರು ಚಹಾದ ಲೋಟ ಕೆಳಗಿಡುತ್ತಿದ್ದರು. ಕೊನೆಗೆ ನೋಡಿದ ಮನೆಯವರು ಹುಡುಗನಿಗೆ ಹೊಲ ಇರಬೇಕು, ಆದರೆ ಹುಡುಗ ಹೊಲಕ್ಕೆ ಹೋಗಬಾರದು ಎಂದು ಕಳಿಸಿದರು. ಅದನ್ನು ಕೇಳಿ ನಾವೆಲ್ಲ ನಕ್ಕೆವು. ಅಣ್ಣ ನಗಲಿಲ್ಲ. ಆಮೇಲೆ ಅವನು ಯಾರ ಮದುವೆಗೂ ಹೋಗುವುದನ್ನು ಬಿಟ್ಟ, ಊಟವನ್ನೂ ಬುತ್ತಿ ಕಟ್ಟಿಸಿಕೊಂಡು ಹೊಲದಲ್ಲೇ ಮಾಡತೊಡಗಿದ. ನಾನು ತವರಿಗೆ ಹೋದಾಗ ಬಾಗಿಲಿಗೆ ಬಂದು ನನ್ನ ಬ್ಯಾಗು ಇಸಿದುಕೊಳ್ಳುತ್ತಿದ್ದವನು ಈಗ ಎಮ್ಮೆಯ ಹಿಂದಿನಿಂದ ಕೈ ಎತ್ತುತ್ತಿದ್ದ. ಟ್ರಿಪ್ಪಿಗೆ ಬಾ ಎಂದರೆ ಅವನು ಬರುವವನಲ್ಲ, ಬಲೆಗೆ ಬಾ ಎಂದರೆ ಬಂದಾನು ಎಂಬುದು ಅವ್ವನ ಲೆಕ್ಕ. ಅವನು ಬಂದ.

ಡಿಕ್ಕಿಯ ತುಂಬ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ. ಅದರ ಮೇಲೆ ಕ್ಯಾನುಗಟ್ಟಲೆ ನಮ್ಮ ಬೋರಿನ ನೀರು, ಏಕೆಂದರೆ ಕರಾವಳಿಯ ನೀರಿನಲ್ಲಿ ಮೀನು ಎಲ್ಲೆಲ್ಲಿ ಈಜಿರುತ್ತದೋ ಹೇಳಲಾಗದು ಎಂದು ಅವ್ವನ ವಾದ. ನಮ್ಮ ಬಾವಿಯಲ್ಲೂ ಮೀನಿವೆ ಎಂದು ನಾನು ನೆನಪಿಸಿದೆ.

"ಅವು ನಮ್ಮನಿ ಮೀನು," ಎಂದಳು.

ಘಟ್ಟ ಇಳಿದು ಹೊನ್ನಾವರ ದಾಟಿದ ಮೇಲೆ ಕಾಸರಕೋಡಿನಲ್ಲಿ ಮೊದಲ ಸಲ ಸಮುದ್ರದ ಎದುರು ಕಾರು ನಿಲ್ಲಿಸಿದೆ. ಅಪ್ಪ ಇಳಿದು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ. ಅಪ್ಪನಿಗೆ ನೀರು ಎಂದರೆ ಚಾನಲ್ಲು. ಯಾವ ತಿಂಗಳು ಬಿಡುತ್ತಾರೆ, ಯಾವ ತೂಬು ಎತ್ತುತ್ತಾರೆ, ಕೊನೆಯ ಹೊಲಕ್ಕೆ ತಲುಪುತ್ತದೋ ಇಲ್ಲವೋ, ಇದರಲ್ಲೇ ಅವನ ಆಯುಷ್ಯ ಕಳೆದಿದೆ.

"ಇಷ್ಟು ನೀರು ಐತಿ, ಒಂದು ತೂಬು ಇಟ್ಟಿಲ್ಲ ನೋಡು," ಎಂದ.

"ಉಪ್ಪುನೀರು ಅಪ್ಪ."

"ಉಪ್ಪು ಆಗಾಕ ಬಿಟ್ಟೋರು ಯಾರು? ಟೈಮಿಗೆ ಸರಿಯಾಗಿ ಬಿಟ್ಟಿದ್ರೆ ಹಿಂಗೆ ನಿಂತು ಕೆಡ್ತಿತ್ತಾ?"

ಆ ಸಿಟ್ಟಿನಲ್ಲೇ ಅವನು ಮೀನು ಒಣಗಿಸುತ್ತಿದ್ದ ಹೆಂಗಸರ ಗುಂಪಿನ ಹತ್ತಿರ ಹೋಗಿ ಬಲೆ ಕೇಳಿದ. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ನಾಲ್ಕು ಹೆಜ್ಜೆ ಆಚೆ ನಿಂತಳು. ಯಾವ ಬೋಟಿಗೆ ಎಂದು ಒಬ್ಬ ಹೆಂಗಸು ಕೇಳಿದಳು. ಬೋಟಿಗಲ್ಲ, ಮಂಗಕ್ಕೆ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ. ನಮ್ಮ ಕಡೆ ಮಂಗ ವಿಪರೀತ, ಗುಂಪುಗುಂಪಾಗಿ ಬರುತ್ತವೆ, ಒಂದು ದೊಡ್ಡ ಬಲೆ ಸಿಕ್ಕರೆ ವರ್ಷವಿಡೀ ಚಿಂತೆಯಿಲ್ಲ ಎಂದು ವಿವರಿಸಿದ. ಹೆಂಗಸರ ಕೈ ಮೀನಿನ ಮೇಲೇ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಲ್ಲಿ ಹಿರಿಯಳು ನಿಧಾನವಾಗಿ ಎದ್ದು ತನ್ನ ಒಣಮೀನಿನ ಬುಟ್ಟಿಯನ್ನು ಅವ್ವನಿಂದ ದೂರಕ್ಕೆ ಎಳೆದುಕೊಂಡಳು.

"ಛೀ, ಮಂಗನ್ನ ಹೆಂಗೆ ತಿಂತ್ರೋ ಮಾರಾಯ್ತಿ," ಎಂದಳು. "ಮನುಷ್ಯರ ಹಂಗೇ ಇರ್ತದಲ್ಲ!"

ಅವ್ವನ ಮೂಗಿನಿಂದ ಸೆರಗು ಕಳಚಿತು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ, ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ತೊಟ್ಟು ನೀರು ಹಾಕದ ನಮ್ಮ ಅವ್ವ ಆ ದಂಡೆಯ ಮೇಲೆ ಮಂಗ ತಿನ್ನುವವಳಾಗಿ ನಿಂತಿದ್ದಳು. ನಾವು ಎಷ್ಟು ಹೇಳಿದರೂ ಅವರು ನಂಬಿದ ಹಾಗೆ ಕಾಣಲಿಲ್ಲ. ಕಾರು ಹೊರಟಾಗ ಹಿಂದಿನ ಸೀಟಿನಲ್ಲಿ ಅಣ್ಣನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೇನೋ ಎಂದು ಕನ್ನಡಿಯಲ್ಲಿ ನೋಡಿದೆ. ನಗುತ್ತಿದ್ದ. ಎಷ್ಟೋ ತಿಂಗಳ ಮೇಲೆ ನಾನು ಅವನ ಹಲ್ಲು ನೋಡಿದ್ದು ಆಗಲೇ.

ಆ ರಾತ್ರಿ ಮುರುಡೇಶ್ವರದಲ್ಲಿ ಉಳಿದೆವು. ಅವ್ವ ದೇವರ ಎದುರು ನಿಂತು ಎರಡು ಬೇಡಿಕೊಂಡಳು: ಮಗನಿಗೆ ಹೆಣ್ಣು, ತನ್ನ ಮೂಗಿಗೆ ನೆಗಡಿ. ಎರಡರಲ್ಲಿ ಒಂದಾದರೂ ಬೆಳಗಾಗುವುದರೊಳಗೆ ಆದೀತು ಎಂದು ಅವಳಿಗೆ ನಂಬಿಕೆಯಿತ್ತು. ಯಾವುದೂ ಆಗಲಿಲ್ಲ.

ಮರುದಿನ ಶಿರಾಲಿಯ ಹತ್ತಿರ ಅಳ್ವೆಕೋಡಿಯಲ್ಲಿ ಒಬ್ಬ ಮುದುಕರು ಬಲೆಯ ರಾಶಿಯ ಪಕ್ಕ ಕುಳಿತಿದ್ದರು. ಅಪ್ಪನ ಕಣ್ಣು ಹೊಳೆಯಿತು. ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಟವೆಲಿನ ಕೆಳಗೆ ಇಬ್ಬರೂ ಕೈಯಿಟ್ಟು ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಅಪ್ಪನಿಗೆ ದೊಡ್ಡ ವ್ಯಾಪಾರವೆಂದರೆ ಅದೊಂದೇ ರೀತಿ. ಅವನು ಬಲೆಯನ್ನು ಎತ್ತಿನ ಹಾಗೆ ಸುತ್ತ ನಡೆದು ನೋಡಿದ, ಒಂದೆರಡು ಕಡೆ ತಟ್ಟಿದ, ಆಮೇಲೆ ಹೆಗಲ ಮೇಲಿನ ಟವೆಲು ತೆಗೆದು ಮುಂಗೈ ಮೇಲೆ ಹರಡಿ ಮುದುಕರ ಮುಂದೆ ಚಾಚಿದ. ಮುದುಕರು ಟವೆಲು ನೋಡಿದರು, ಅಪ್ಪನ ಮುಖ ನೋಡಿದರು. ಪಾಪ, ದೂರದಿಂದ ಬಂದವರು, ಬಾಯಿಬಿಟ್ಟು ಕೇಳಲು ನಾಚಿಕೆ ಎಂದುಕೊಂಡರೋ ಏನೋ, ಪಕ್ಕದ ಬುಟ್ಟಿಗೆ ಕೈಹಾಕಿ ಎರಡು ದಪ್ಪ ಬಂಗುಡೆ ಮೀನುಗಳನ್ನು ಎತ್ತಿ ಮೆಲ್ಲಗೆ ಟವೆಲಿನ ಮೇಲಿಟ್ಟರು.

ಅಪ್ಪ ಕಲ್ಲಾದ. ಆದರೆ ಕೊಟ್ಟವರ ಮುಂದೆ ಚೆಲ್ಲುವುದು ಅವನಿಗೆ ಗೊತ್ತಿಲ್ಲ. ಎರಡೂ ಕೈಯಲ್ಲಿ ಟವೆಲು ಹಿಡಿದು, ಪ್ರಸಾದ ಹಿಡಿದವರ ಹಾಗೆ ಬಗ್ಗಿ, ಬರ್ತೀನ್ರೀ ಎಂದು ಹೇಳಿ, ದಂಡೆಯುದ್ದಕ್ಕೂ ನಡೆದು ಒಂದು ಗೋಡೆಯ ಮರೆ ಸಿಗುವ ತನಕ ಹೋದ. ಅಲ್ಲೊಂದು ಬೆಕ್ಕು ಮಲಗಿತ್ತು. ಟವೆಲನ್ನೂ ಸೇರಿಸಿ ಅದಕ್ಕೇ ಕೊಟ್ಟು ಬಂದ. ಇಡೀ ದಿನ ಹೆಗಲು ಖಾಲಿ ಖಾಲಿ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹೀಗೆ ಶಿರೂರು, ಉಪ್ಪುಂದ, ಮರವಂತೆ. ಕೆಲವು ಕಡೆ ಬಲೆ ಇತ್ತು, ಅಪ್ಪನಿಗೆ ಹಿಡಿಸಲಿಲ್ಲ. ಕೆಲವು ಕಡೆ ಹಿಡಿಸಿತು, ಅವ್ವನಿಗೆ ವಾಸನೆ ಹಿಡಿಸಲಿಲ್ಲ. ನಾವು ಹೋದಲ್ಲೆಲ್ಲ ಜನ ಮೀನು ಬೇಕಾ ಎನ್ನುತ್ತಿದ್ದರು, ನಾವು ಬೇಡ ಎನ್ನುತ್ತಿದ್ದೆವು. ಮತ್ತೆ ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದವರಿಗೆ ಮಂಗದ ಕಥೆ ಹೇಳುವಷ್ಟು ಧೈರ್ಯ ಈಗ ಯಾರಿಗೂ ಉಳಿದಿರಲಿಲ್ಲ.

ಗಂಗೊಳ್ಳಿಗೆ ಬರುವಷ್ಟರಲ್ಲಿ ನನಗೂ ಬಲೆಯ ಆಸೆ ಹೋಗಿತ್ತು. ಬಂದರಿನ ಒಂದು ಮೂಲೆಯಲ್ಲಿ ಅಣ್ಣನ ವಯಸ್ಸಿನ ಒಬ್ಬ ಗಂಡಸು ಬಲೆ ಹೊಲಿಯುತ್ತ ಕುಳಿತಿದ್ದ. ಬೋಟಿಗೆ ಹೋಗುವವನು. ಅಪ್ಪ ಈ ಸಲ ಟವೆಲಿಲ್ಲದೆ ಬರಿಗೈಯಲ್ಲಿ ಏನು ಮಾಡುವುದೆಂದು ತೋಚದೆ ನಿಂತ. ಅಣ್ಣ ತಾನೇ ಹೋಗಿ ಆ ಮನುಷ್ಯನ ಎದುರು ಕುಕ್ಕರಗಾಲಲ್ಲಿ ಕುಳಿತ. ಸ್ವಲ್ಪ ಹೊತ್ತು ಬಲೆಯ ಮಾತಾಯಿತು. ಮಂಗದ ಮಾತನ್ನು ಆತ ಒಂದೇ ಸಲಕ್ಕೆ ಅರ್ಥಮಾಡಿಕೊಂಡ. ಆಮೇಲೆ ಅಣ್ಣನನ್ನು ಮಕ್ಕಳೆಷ್ಟು ಎಂದು ಕೇಳಿದ.

"ಮದುವಿನೇ ಆಗಿಲ್ಲ ರೀ. ಬೇಸಾಯ ಮಾಡೋರಿಗೆ ಯಾರೂ ಹೆಣ್ಣು ಕೊಡ್ತಿಲ್ಲ," ಎಂದ ಅಣ್ಣ. ಅಷ್ಟು ಸಲೀಸಾಗಿ ಅವನು ಅದನ್ನು ಯಾರ ಹತ್ತಿರವೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಆತ ಬಲೆಯನ್ನು ಕೆಳಗಿಟ್ಟ. "ಎಂತ ಹೇಳ್ತ್ರಿ ಮಾರಾಯ್ರೆ! ನಿಮ್ಮಲ್ಲೂ ಹಾಗೆಯಾ? ಬೋಟಿಗೆ ಹೋಪವರಿಗೆ ಇಲ್ಲಿ ಹೆಣ್ಣು ಕೊಡುದೇ ಇಲ್ಲ. ನಾನು ನೋಡಿ ನೋಡಿ ಸಾಕಾಯ್ತು."

ಮುಂದಿನದನ್ನು ನೋಡಿದ್ದರೆ ಯಾರಾದರೂ ಅವರನ್ನು ಬಾಲ್ಯದ ಗೆಳೆಯರು ಎನ್ನುತ್ತಿದ್ದರು. ಯಾವ ಮನೆಯವರು ಏನು ಹೇಳಿದರು, ಯಾವ ಮನೆಯಲ್ಲಿ ಶಿರಾ ಕೊಟ್ಟು ಕಳಿಸಿದರು, ಯಾವ ಮನೆಯಲ್ಲಿ ಬರೀ ಚಹಾ, ಹುಡುಗಿ ಒಳಗಿನಿಂದ ಹೊರಗೇ ಬಾರದ ಮನೆ ಯಾವುದು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತೊಡೆ ತಟ್ಟಿ ನಗುತ್ತಿದ್ದರು. ಅವ್ವ ಸೆರಗನ್ನು ಮೂಗಿನಿಂದ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಕೊನೆಗೆ ಆತ ಒಳಗಿನಿಂದ ಒಂದು ದೊಡ್ಡ ನೀಲಿ ಬಲೆಯ ಹೊರೆ ಎಳೆದು ತಂದ. ಹಣ ಎಂದ ಕೂಡಲೇ ಕೈ ಅಡ್ಡ ಹಿಡಿದ.

"ಒಂದು ಮಾಡುವ," ಎಂದ. "ಯಾರಿಗೆ ಮೊದಲು ಗಟ್ಟಿಯಾತೋ ಅವರು ಇನ್ನೊಬ್ಬರಿಗೆ ಮೊದಲು ಫೋನ್ ಮಾಡ್ಕು. ಮನೆಯವರಿಗಿಂತ ಮುಂಚೆ. ಆತ್ತಾ?"

ಮೊದಲು ನಿಮಗೇ ಫೋನು ಮಾಡುತ್ತೇನೆ ಎಂದು ಅಣ್ಣ ಅವನ ಕೈ ಮೇಲೆ ಕೈಯಿಟ್ಟ.

ಬಲೆಯನ್ನು ಕಾರಿನ ಮೇಲೆ ಕಟ್ಟಿದೆವು. ನಿಜ ಹೇಳಬೇಕೆಂದರೆ ಅದು ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು, ಮೂಗನ್ನು ಹತ್ತಿರ ತಂದರಷ್ಟೇ ವಾಸನೆ. ಆದರೆ ಅವ್ವನ ಮನಸ್ಸು ಒಪ್ಪಬೇಕಲ್ಲ. ಮೈಲಿಗೆಯ ಬಲೆ ನಮ್ಮ ಸೀಮೆಗೆ ಹಾಗೇ ಬರಕೂಡದು, ತೊಳೆದೇ ಘಟ್ಟ ಹತ್ತಬೇಕು ಎಂದು ಹಟ ಹಿಡಿದಳು. ಕೊಲ್ಲೂರಿನ ರಸ್ತೆಯಲ್ಲಿ ಒಂದು ಹಳ್ಳ ಸಿಕ್ಕಿತು. ನಾಲ್ವರೂ ಇಳಿದು ಬಲೆಯನ್ನು ನೀರಿಗೆ ಹಾಕಿ, ಸೀಗೆಪುಡಿ ಉಜ್ಜಿ, ಬಂಡೆಗೆ ಬಡಿದು, ಹಿಂಡಿದೆವು. ಅವ್ವ ಕೊನೆಯಲ್ಲಿ ಅದಕ್ಕೆ ಒಂದಿಷ್ಟು ಅರಿಸಿನದ ನೀರು ಚಿಮುಕಿಸಿ ವಿಭೂತಿ ಹಚ್ಚಿದಳು. ಮತ್ತೆ ಕಾರಿನ ಮೇಲೆ ಕಟ್ಟಿ ಹೊರಟು ಸ್ವಲ್ಪ ದೂರ ಬಂದಿರಬೇಕು, ವಾಸನೆ ಎದ್ದಿತು. ಒಣಗಿ ಮಲಗಿದ್ದ ಎಷ್ಟೋ ವರ್ಷದ ಮೀನೆಲ್ಲ ನೀರು ತಾಗಿದ್ದೇ ಎದ್ದು ಕುಳಿತಿತ್ತು. ಅದಕ್ಕೆ ಸೀಗೆ, ಅರಿಸಿನ ಬೇರೆ. ಮೇಲಿನಿಂದ ಹನಿ ಹನಿಯಾಗಿ ಗಾಜಿನ ಮೇಲೆ ಇಳಿಯುತ್ತಿತ್ತು. ನಾನು ವೈಪರ್ ಹಾಕಿದೆ. ಹಾಕಬಾರದಿತ್ತು.

ಅದೇ ಹೊತ್ತಿಗೆ ಅಪ್ಪನ ಫೋನು ಬಡಿದುಕೊಂಡಿತು. ಅಣ್ಣನಿಗೆ ಹೆಣ್ಣು ಹುಡುಕುತ್ತಿದ್ದ ನಮ್ಮ ನೆಂಟರ ಪೈಕಿಯ ಹಿರಿಯರು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಒಂದು ಹುಡುಗಿ ಇದೆ, ಶಿವಮೊಗ್ಗದಲ್ಲಿ ನರ್ಸು, ಇವತ್ತು ಊರಿಗೆ ಬಂದಿದ್ದಾಳೆ, ನಾಳೆ ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಾಳೆ, ಮತ್ತೆ ಯಾವಾಗ ರಜೆಯೋ, ಹೇಗೂ ಸಾಗರದ ಮೇಲೆ ಬರುತ್ತಿದ್ದೀರಲ್ಲ, ಸಂಜೆಯೊಳಗೆ ಹೋಗಿ ನೋಡಿಬಿಡಿ. ಹುಡುಗ ಬೇಸಾಯಗಾರ ಎಂದು ಹೇಳಿದ್ದೇನೆ, ಬೇಡ ಅನ್ನಲಿಲ್ಲ ಎಂದರು.

ಕಾರಿನಲ್ಲಿ ಯಾರೂ ಉಸಿರಾಡಲಿಲ್ಲ. ಉಸಿರಾಡುವ ಹಾಗೂ ಇರಲಿಲ್ಲ.

ಬಲೆಯನ್ನು ದಾರಿಯಲ್ಲಿ ಎಸೆಯೋಣ ಎಂದು ಅವ್ವ ಅಂಗಲಾಚಿದಳು. ಅಣ್ಣ ಒಪ್ಪಲಿಲ್ಲ, ಅದನ್ನು ಕೊಟ್ಟವನಿಗೆ ಮಾತು ಕೊಟ್ಟಿದ್ದೇನೆ ಎಂದ. ಸಾಗರದಲ್ಲಿ ಬಟ್ಟೆ ಬದಲಿಸಿ, ಮೈಗೆಲ್ಲ ಪೌಡರ್ ಸುರಿದುಕೊಂಡು, ಕುಪ್ಪಗಡ್ಡೆಯಲ್ಲಿ ಆ ಮನೆಯಿಂದ ಸಾಕಷ್ಟು ದೂರದಲ್ಲಿ ಕಾರು ನಿಲ್ಲಿಸಿದೆ. ಬುದ್ಧಿವಂತೆ ನಾನು, ಗಾಳಿಯ ದಿಕ್ಕು ನೋಡಲಿಲ್ಲ.

ಹುಡುಗಿಯ ಅಪ್ಪ ಅಮ್ಮ ಒಳ್ಳೆಯ ಮರ್ಯಾದೆಯ ಜನ. ಬನ್ನಿ, ಕೂತ್ಕೊಳ್ಳಿ ಎಂದು ಜಮಖಾನೆ ಹಾಸಿದರು. ಸ್ವಲ್ಪ ಹೊತ್ತಿಗೆ ಅಮ್ಮ ಒಳಗೆ ಹೋಗಿ ಊದುಬತ್ತಿ ಹಚ್ಚಿ ತಂದರು. ಮತ್ತೆ ಹೋಗಿ ಇನ್ನಷ್ಟು ತಂದರು. ಹಿತ್ತಿಲಿನಿಂದ ಒಂದು ಬೆಕ್ಕು ಬಂತು, ಗೋಡೆಯ ಮೇಲಿನಿಂದ ಇನ್ನೊಂದು. ಕಿಟಕಿಯಲ್ಲಿ ನೋಡಿದರೆ ಬೀದಿಯ ಬೆಕ್ಕುಗಳೆಲ್ಲ ಬಾಲ ಎತ್ತಿಕೊಂಡು ಒಂದೇ ದಿಕ್ಕಿಗೆ ನಡೆಯುತ್ತಿದ್ದವು. ನಮ್ಮ ಕಾರಿನ ಮೇಲೆ ಆಗಲೇ ಸಭೆ ಸೇರಿತ್ತು. ಹುಡುಗಿಯ ಅಪ್ಪ ಕೊನೆಗೆ ತಡೆಯಲಾರದೆ, "ಎಂಥದೋ ವಾಸನೆ ಬರ್ತಾ ಇದ್ಯಲ್ಲ?" ಎಂದರು.

"ಕಾರಿನ ಏಸಿಯಾಗೆ ಇಲಿ ಸತ್ತೈತ್ರಿ," ಎಂದ ಅಪ್ಪ.

"ಘಟ್ಟದ ಗಾಳಿ ರೀ, ನಮಗೆ ಆಗಿ ಬರಲ್ಲ," ಎಂದಳು ಅವ್ವ, ಅದೇ ಉಸಿರಿನಲ್ಲಿ.

"ದಾರೀಲಿ ಮೀನಿನ ಲಾರಿ ಹಿಂದೆ ಬಂದ್ವಿ," ಎಂದೆ ನಾನು.

ಮೂರೂ ಸುಳ್ಳುಗಳು ಜಮಖಾನೆಯ ನಡುವೆ ಬಿದ್ದವು. ಹುಡುಗಿ ಶಿರಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಮ್ಮನ್ನೆಲ್ಲ ಬಿಟ್ಟು ನೇರವಾಗಿ ಅಣ್ಣನನ್ನು ಕೇಳಿದಳು: "ಏನದು?"

ಅಣ್ಣ ಎದ್ದು ನಿಂತ. ಯಾಕೆ ನಿಂತನೋ, ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ನಿಂತ ಹಾಗೆ. "ಮೀನಿನ ಬಲೆ ರೀ. ಮಂಗ ಬರಬಾರ್ದು ಅಂತ ತೋಟಕ್ಕೆ ಕಟ್ಟಾಕೆ ತಂದ್ವಿ. ಮೊದ್ಲು ಇಷ್ಟು ವಾಸನಿ ಇರ್ಲಿಲ್ಲ. ನಾವೇ ತೊಳೆದು ಬರಿಸಿದ್ವಿ."

ಹುಡುಗಿ ನಗತೊಡಗಿದಳು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ, ಅದೂ ಸಾಲದೆ ಕೆಳಗೆ ಕುಳಿತು ನಕ್ಕಳು. ಅವಳ ಅಮ್ಮ ಕಣ್ಣು ಬಿಟ್ಟರೂ ನಿಲ್ಲಿಸಲಾಗಲಿಲ್ಲ. ಅವಳ ಅಪ್ಪನಿಗೆ ನಗು ಬರಲಿಲ್ಲ, ಅವರು ಮುಂದಕ್ಕೆ ಬಾಗಿ, "ನಿಜವಾಗ್ಲೂ ಮಂಗ ನಿಲ್ತಾವಾ?" ಎಂದು ಕೇಳಿದರು. ಅಣ್ಣ ಮತ್ತು ಅವರು ಬೆಕ್ಕುಗಳನ್ನು ಓಡಿಸಿಕೊಂಡು ಕಾರಿನ ಹತ್ತಿರ ಹೋಗಿ ಕತ್ತಲಾಗುವವರೆಗೂ ಬಲೆಯನ್ನು ಎಳೆದು ನೋಡುತ್ತ ಮಾತಾಡಿದರು.

ಊರು ಮುಟ್ಟುವ ತನಕ ಅವ್ವ ಅತ್ತಳು. ನಗೆಪಾಟಲಾಯಿತು, ಇದೂ ಹೋಯಿತು, ತೊಳೆಯಿರಿ ಎಂದ ತನ್ನ ನಾಲಗೆಗೆ ಬೆಂಕಿ ಬೀಳಲಿ ಎಂದು ಬಡಬಡಿಸಿದಳು. ಅಣ್ಣ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ.

ಬಲೆ ಕಟ್ಟಿದ ಮೇಲೆ ಮಂಗಗಳು ಬಂದವು, ಮುಟ್ಟಿ ನೋಡಿದವು, ಬೆರಳು ಸಿಕ್ಕಿದ ಒಂದು ಮರಿ ಚೀರಿತು, ಎಲ್ಲವೂ ಪಕ್ಕದ ತೋಟಕ್ಕೆ ಹೋದವು. ಅಪ್ಪ ಬದುವಿನ ಮೇಲೆ ಹೊಸ ಟವೆಲು ಹಾಕಿಕೊಂಡು ಓಡಾಡಿದ. ಆ ವಾರವೇ ಕುಪ್ಪಗಡ್ಡೆಯ ಸುದ್ದಿ ಬಂತು. ಮಧ್ಯಸ್ಥಿಕೆಯ ಹಿರಿಯರು ತಾವೇ ಮನೆಗೆ ಬಂದು ಹುಡುಗಿ ಒಪ್ಪಿದ್ದಾಳೆ, ಶಿಕಾರಿಪುರದಲ್ಲೇ ಕೆಲಸ ನೋಡಿಕೊಳ್ಳುತ್ತಾಳಂತೆ ಎಂದರು. ನಾನೂ ಅಲ್ಲೇ ಇದ್ದೆ. ಯಾಕೆ ಒಪ್ಪಿದಳು ಎಂದು ಅವ್ವ ಕೇಳಿಯೇಬಿಟ್ಟಳು, ನಂಬಲಾಗದೆ.

"ನೋಡಾಕೆ ಬಂದ ಗಂಡುಗಳೆಲ್ಲ ಸೆಂಟ್ ಹೊಡ್ಕೊಂಡು ಬಂದಿದ್ರಂತೆ. ಆ ಹುಡುಗಿಗೆ ಸೆಂಟ್ ಆಗಲ್ವಂತೆ, ತಲೆ ಸಿಡಿಯುತ್ತಂತೆ," ಎಂದರು ಅವರು.

ಅಣ್ಣ ಫೋನು ತೆಗೆದು ಗಂಗೊಳ್ಳಿಗೆ ಹಚ್ಚಿದ. ಅವಸರದಲ್ಲಿ ಸ್ಪೀಕರ್ ಒತ್ತಿಹೋಯಿತು, ನಾವೆಲ್ಲ ಕೇಳಿದೆವು. ಗಟ್ಟಿಯಾಯಿತು ಎಂದು ಅಣ್ಣ ಹೇಳಿದ. ಆ ಕಡೆ ಬೋಟಿನ ಇಂಜಿನ್ನಿನ ಸದ್ದು ಮಾತ್ರ. ಆಮೇಲೆ ಒಳ್ಳೆದಾಯ್ತು ಮಾರಾಯ್ರೆ, ಭಾರಿ ಒಳ್ಳೆದಾಯ್ತು ಎಂದ ಆತ.

"ಒಂದು ಕೇಳುದಾ?" ಎಂದ ಕೊನೆಗೆ. "ಆ ಬಲೆ ವಾಪಸ್ ಕೊಡ್ಲಿಕ್ಕೆ ಆತ್ತಾ? ನಿಮಗೆ ಅದು ಬಂದ ವಾರವೇ ಆಯ್ತಲ್ಲ. ಒಂದು ಸಲ ನಾನೂ ಇಟ್ಕೊಂಡ್ ನೋಡ್ತೆ."

ನಾವೆಲ್ಲ ಗೊಳ್ಳೆಂದು ನಕ್ಕೆವು. ಆ ಕಡೆಯಿಂದ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಕುಡುಗೋಲು ಹಿಡಿದು ಬಲೆಯ ಕಟ್ಟುಗಳನ್ನು ಒಂದೊಂದಾಗಿ ಕೊಯ್ಯುತ್ತಿದ್ದ. ಬಾಳೆ ಗೊನೆ ಹಾಕಿದೆ, ತಲೆ ಕೆಟ್ಟಿದೆಯಾ ಎಂದು ಅಪ್ಪ ಕೂಗಾಡಿದ.

"ಅವನು ನಗ್ಲಿಲ್ಲ ಅಪ್ಪ," ಎಂದ ಅಣ್ಣ. ಅಷ್ಟೇ ಹೇಳಿ ಬಲೆಯನ್ನು ಕಾರಿಗೇರಿಸಿ, ತಾನೇ ಓಡಿಸಿಕೊಂಡು, ಪ್ರತಿ ತಿರುವಿನಲ್ಲೂ ಹಿಂದೆ ನೋಡುತ್ತ ಹೋದ. ಮಂಗಗಳು ಮಧ್ಯಾಹ್ನವೇ ಬಂದವು.

ಮದುವೆಗೆ ಆತ ಬಂದಿದ್ದ. ಬಿಳಿ ಅಂಗಿ ಹಾಕಿಕೊಂಡು ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದವನನ್ನು ಅವ್ವ ಎಬ್ಬಿಸಿಕೊಂಡು ಬಂದು ಮುಂದೆ ಕೂರಿಸಿ ತಾನೇ ಹೋಳಿಗೆ ಬಡಿಸಿದಳು. ಬಲೆ ಅವನ ಮನೆಯ ಜಗುಲಿಯಲ್ಲಿ ಇದೆಯಂತೆ. ಇನ್ನೂ ಎಲ್ಲೂ ಗಟ್ಟಿಯಾಗಿಲ್ಲ. ಹುಣ್ಣಿಮೆಗೋ ಅಮಾವಾಸ್ಯೆಗೋ ಅಣ್ಣ ಫೋನು ಮಾಡಿ ಕೇಳುತ್ತಾನೆ, ಅತ್ತಿಗೆ ಪಕ್ಕದಲ್ಲಿ ನಿಂತು ಮುಖ ನೋಡುತ್ತಾಳೆ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತ ಅವ್ವ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಒಪ್ಪಿಸಿ ಮುಗಿಸಿದ ಮೇಲೆ, ಗಂಗೊಳ್ಳಿಯ ಆ ಹುಡುಗನಿಗೂ ಒಂದು ಹೆಣ್ಣು ಕೊಡಪ್ಪ ಎನ್ನುವುದು ತವರಿಗೆ ಹೋದಾಗೆಲ್ಲ ನನಗೆ ಅಡಿಗೆಮನೆಗೆ ಕೇಳಿಸುತ್ತದೆ.

ಮೊನ್ನೆ ಅಪ್ಪ ಶಿರಾಳಕೊಪ್ಪದಿಂದ ಬಲೆ ತರುವೆನೆಂದು ಚೀಲ ಹಿಡಿದು ಹೊರಟಿದ್ದ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಆ ಹುಡುಗನ ಮದುವಿ ಆಗೋತನ ಈ ಮನಿಗೆ ಬ್ಯಾರೆ ಬಲಿ ತರಬ್ಯಾಡ್ರಿ," ಎಂದಳು. "ನಮ್ಮ ಕೆಲಸ ಮುಗೀತು ಅಂತ ನಾವು ಬಾಗಿಲು ಹಾಕ್ಕೊಂಡಂಗೆ ಆಗ್ತೈತಿ."

ಅಪ್ಪ ಚೀಲವನ್ನು ಮೊಳೆಗೆ ತೂಗಿಹಾಕಿದ. ಈ ಸಲದ ಬಾಳೆಗೊನೆಯೂ ಮಂಗಗಳ ಪಾಲಾಯಿತು.